ಬೆದ್ದಲು ಭೂಮಿ ಮತ್ತು ವಿಶ್ವವಿದ್ಯಾನಿಲಯ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದ ಮೇಲೆ, ರುದ್ರಪಟ್ಟಣವೆಂಬ ಊರಿದೆ. ಕರ್ನಾಟಕ ಸಂಗೀತಕ್ಕೆ ಅನೇಕ ವಿದ್ವಾಂಸರನ್ನು ಕೊಟ್ಟ ಊರು ಇದು. ನೀರು ತಗ್ಗಿಗೆ ಹರಿಯುವುದೇ ಹೊರತು ದಿಣ್ಣೆಯನ್ನು ಏರುವುದಿಲ್ಲ. ಆದುದರಿಂದ ಹೊಳೆಯ ನೀರು ತಲುಪುವ ಕಡೆ ಗದ್ದೆ. ತಲುಪದ ಕಡೆ ಬೆದ್ದಲು. ಕಾವೇರಿಯ ಹೆಸರು ಹೇಳುವ ತಾಲ್ಲೂಕುಗಳಲ್ಲಿಯೂ ದಿಣ್ಣೆಯ ಮೇಲಿನ ರೈತನು ಆಕಾಶವನ್ನೇ ನೋಡುತ್ತಾನೆ. ಹಾಸನ ಜಿಲ್ಲೆಯ ಪಶ್ಚಿಮಕ್ಕೆ ಸಕಲೇಶಪುರದ ಮಲೆನಾಡು. ಪೂರ್ವಕ್ಕೆ ಅರಸೀಕೆರೆ, ಚನ್ನರಾಯಪಟ್ಟಣಗಳ ಬಯಲು. ಒಂದೇ ಜಿಲ್ಲೆಯ ಈ ಎರಡು ಅಂಚುಗಳ ಮಳೆಗೆ ಹೋಲಿಕೆಯೇ ಇಲ್ಲ.

ಈ ರುದ್ರಪಟ್ಟಣದಲ್ಲಿ 1868ರಲ್ಲಿ ಜನಿಸಿದವರು ಆರ್. ಶಾಮಶಾಸ್ತ್ರಿಗಳು. ಅವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಸೇವೆ ಸಲ್ಲಿಸುತ್ತಿದ್ದಾಗ ತಂಜಾವೂರು ಸೀಮೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಓಲೆಗರಿಯ ಕಟ್ಟೊಂದನ್ನು ಅಲ್ಲಿಗೆ ಒಪ್ಪಿಸಿದರು. ಅದು ಶತಮಾನಗಳಿಂದ ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. 1909ರಲ್ಲಿ ಅದರ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ರಾಜ್ಯಭಾರದ ಗ್ರಂಥವೆಂದೇ ನಾವು ಅದನ್ನು ಬಲ್ಲೆವು. ಆದರೆ ಅದರಲ್ಲಿ ಬೇಸಾಯದ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯವೂ ಇದೆ. ಒಣ ಸೀಮೆಯಲ್ಲಿ ಬೀಳುವ ಮಳೆ ಎಷ್ಟು, ಜವುಗು ಸೀಮೆಯಲ್ಲಿ ಎಷ್ಟು ಎಂಬ ಅಳತೆಯನ್ನು ಅಲ್ಲಿ ಕೊಟ್ಟಿದೆ. ಮಳೆಯ ಪ್ರಮಾಣವನ್ನು ನೋಡಿ, ಹೆಚ್ಚು ನೀರು ಬೇಡುವ ಪೈರನ್ನೋ ಕಡಿಮೆ ನೀರು ಬೇಡುವ ಪೈರನ್ನೋ ಬಿತ್ತಿಸಬೇಕೆಂದು ಹೇಳಿದೆ. ಮಳೆಯನ್ನು ಅಳೆದು ಬಿತ್ತನೆಯನ್ನು ನಿರ್ಧರಿಸುವ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ.

ಈ ಪ್ರಸಂಗದಿಂದ ನಾವು ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಒಂದು ಮನೆಯಲ್ಲಿ ಮಲಗಿದ್ದ ಜ್ಞಾನವು ವಿದ್ಯಾಸಂಸ್ಥೆಯ ಬಾಗಿಲಿಗೆ ಬಂದಿತು. ಅಲ್ಲಿ ಬಲ್ಲವರ ಕಣ್ಣಿಗೆ ಬಿದ್ದು ಲೋಕಕ್ಕೆಲ್ಲ ದೊರೆಯಿತು. ಸಮಾಜವು ತನ್ನಲ್ಲಿರುವುದನ್ನು ವಿದ್ಯಾಲಯಕ್ಕೆ ಕೊಡುತ್ತದೆ. ವಿದ್ಯಾಲಯವು ಅದನ್ನು ಶೋಧಿಸಿ, ಬೆಳೆಸಿ, ಸಮಾಜಕ್ಕೆ ಹಿಂದಿರುಗಿಸಬೇಕು. ಓಲೆಗರಿಯ ವಿಷಯದಲ್ಲಿ ನಡೆದ ಈ ಕೊಡುಕೊಳ್ಳುವಿಕೆ ಹೊಲದ ವಿಷಯದಲ್ಲಿಯೂ ನಡೆದಿದೆ.

ಬರಗಾಲಕ್ಕೆ ತುತ್ತಾಗುವ ಪ್ರದೇಶದ ವಿಸ್ತಾರದಲ್ಲಿ, ರಾಜಸ್ಥಾನವನ್ನು ಬಿಟ್ಟರೆ, ಕರ್ನಾಟಕದ ಹೆಸರನ್ನೇ ಹೇಳುವುದುಂಟು. ನಮ್ಮಲ್ಲಿ ಮರಳುಗಾಡಿಲ್ಲ, ಆದರೆ ಮಳೆಯನ್ನೇ ನಂಬಿದ ಕೆಂಪು ನೆಲವಿದೆ. ಈ ನೆಲದ ಕಷ್ಟ ಮಳೆ ಕಡಿಮೆಯೆಂಬುದು ಮಾತ್ರವಲ್ಲ. ಬರುವ ಮಳೆ ಹೊತ್ತಿಗೆ ಬರುವುದಿಲ್ಲ. ಬಂದಾಗ ಒಮ್ಮೆಲೇ ಸುರಿದು, ಮೇಲ್ಮಣ್ಣನ್ನು ಕೊಚ್ಚಿಕೊಂಡು ಹಳ್ಳವನ್ನು ಸೇರುತ್ತದೆ. ಮಳೆ ನಿಂತು ಬಿಸಿಲೇರಿದರೆ ಮಣ್ಣಿನ ಮೇಲ್ಪದರ ಹೆಪ್ಪುಗಟ್ಟುತ್ತದೆ. ಮೊಳಕೆ ಅದನ್ನು ಭೇದಿಸಿ ಮೇಲೇಳಲಾರದು. ಬಿತ್ತನೆಗೂ ಕೊಯ್ಲಿಗೂ ನಡುವೆ ಮೂರು ವಾರ ಮಳೆ ತಪ್ಪಿದರೆ ಒಂದು ಸಂಸಾರದ ವರ್ಷದ ಊಟವೇ ತಪ್ಪಬಹುದು.

ಇಂಥ ನೆಲದಲ್ಲಿ ಬಾಳಿದ ಜನ ಅಜ್ಞಾನಿಗಳಾಗಿದ್ದರೆ ಬದುಕಿ ಉಳಿಯುತ್ತಿರಲಿಲ್ಲ. ಅವರು ಮಳೆಯನ್ನು ನಕ್ಷತ್ರಗಳ ಹೆಸರಿನಲ್ಲಿ ಲೆಕ್ಕವಿಟ್ಟರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಆ ಲೆಕ್ಕದ್ದೇ. ರಾಗಿಯ ನಡುವೆ ಅಕ್ಕಡಿ ಸಾಲು ಹಿಡಿದು ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಸಾಸಿವೆಗಳನ್ನು ಬಿತ್ತಿದರು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ಒಳ್ಳೆಯ ವರ್ಷದ ರಾಗಿಯನ್ನು ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಕೆಟ್ಟ ವರ್ಷಕ್ಕೆ ಕಾಯ್ದಿರಿಸಿದರು. ರಾಗಿಗೆ ಹುಳು ಹಿಡಿಯುವುದು ಕಡಿಮೆ. ಹಲವು ವರ್ಷ ಕೆಡದೆ ಇರುತ್ತದೆ. ಈ ಜಾಣತನವೆಲ್ಲ ಅನುಭವದಿಂದ ಬಂದದ್ದು. ಯಾವ ಪುಸ್ತಕದಲ್ಲಿಯೂ ಬರೆದುದಲ್ಲ.

ಈ ಅನುಭವಕ್ಕೆ ಶಾಸ್ತ್ರದ ನೆರವು ದೊರೆಯತೊಡಗಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೆಂಗಳೂರಿನ ಬಳಿಯ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಬೇಸಾಯದ ಪ್ರಯೋಗಗಳಿಗಾಗಿ ಕೊಟ್ಟರು. 1908ರಲ್ಲಿ ಕೆನಡಾ ದೇಶದಿಂದ ಬಂದ ಲೆಸ್ಲಿ ಕೋಲ್ಮನ್ನರು ಸಸ್ಯರೋಗಗಳನ್ನೂ ಕೀಟಗಳನ್ನೂ ಅಭ್ಯಾಸ ಮಾಡಿದರು. ರಾಗಿಯ ಬೇಸಾಯವನ್ನು ಗಂಭೀರವಾದ ಅಧ್ಯಯನಕ್ಕೆ ಯೋಗ್ಯವಾದ ವಿಷಯವೆಂದು ಪರಿಗಣಿಸಿದರು. ಹೆಬ್ಬಾಳದಲ್ಲಿ 1913ರಲ್ಲಿ ಕೃಷಿ ಶಾಲೆ ಆರಂಭವಾಯಿತು; 1946ರಲ್ಲಿ ಅದು ಕಾಲೇಜಾಯಿತು; 1964ರಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯ ಉದ್ಘಾಟನೆಗೊಂಡಿತು. 1969ರಲ್ಲಿ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಅದರ ಹೊಸ ಆವರಣವಾದ ಗಾಂಧಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಡಿಗಲ್ಲನ್ನಿಟ್ಟರು.

ಈ ವಿಶ್ವವಿದ್ಯಾನಿಲಯದ ರಚನೆಗೆ ಅಮೆರಿಕದ ಒಂದು ಮಾದರಿಯಿತ್ತು. ಅಲ್ಲಿ 1862ರಲ್ಲಿ ಲಿಂಕನ್ನನ ಕಾಲದಲ್ಲಿ ಆದ ಕಾನೂನಿನಂತೆ ಸರ್ಕಾರವು ಭೂಮಿಯನ್ನು ಕೊಟ್ಟು, ಅದರ ಹುಟ್ಟುವಳಿಯಿಂದ ಕೃಷಿಯನ್ನೂ ಕೈಗಾರಿಕಾ ವಿದ್ಯೆಗಳನ್ನೂ ಕಲಿಸುವ ಕಾಲೇಜುಗಳನ್ನು ಬೆಳೆಸಿತು. ನಾಡಿನ ನೆಲದಿಂದ ಬೆಳೆದ ವಿದ್ಯಾಲಯ ನಾಡಿನ ರೈತನಿಗೆ ಉತ್ತರ ಹೇಳಬೇಕೆಂಬುದು ಅದರ ತತ್ತ್ವ. ಆದುದರಿಂದ ಇಂಥ ವಿಶ್ವವಿದ್ಯಾನಿಲಯಕ್ಕೆ ಮೂರು ಕರ್ತವ್ಯಗಳು: ಬೋಧನೆ, ಸಂಶೋಧನೆ, ವಿಸ್ತರಣೆ. ಬೋಧನೆ ವಿದ್ಯಾರ್ಥಿಗಾಗಿ, ಸಂಶೋಧನೆ ಸತ್ಯಕ್ಕಾಗಿ, ವಿಸ್ತರಣೆ ಗೋಡೆಯ ಹೊರಗಿರುವ ಜನಕ್ಕಾಗಿ. ಮೂರನೆಯದು ನಿಂತುಹೋದರೆ ಮೊದಲೆರಡೂ ತಮ್ಮ ಬೇರನ್ನು ಕಳೆದುಕೊಳ್ಳುತ್ತವೆ.

ರಾಗಿಯ ಕಥೆಯಲ್ಲಿ ಮರೆಯಬಾರದ ಹೆಸರು ಸಿ. ಎಚ್. ಲಕ್ಷ್ಮಣಯ್ಯನವರದು (1921–1993). ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಫಾರಂನಲ್ಲಿ ಅವರು ತಮ್ಮ ಆಯುಷ್ಯದ ಬಹುಭಾಗವನ್ನು ಈ ಒಂದು ಧಾನ್ಯಕ್ಕೆ ಮುಡಿಪಾಗಿಟ್ಟರು. ಎರಡು ತಳಿಗಳನ್ನು ಕೂಡಿಸಿ ಹೊಸ ತಳಿಯನ್ನು ಪಡೆಯಬೇಕಾದರೆ ಒಂದರ ಪರಾಗವನ್ನು ಇನ್ನೊಂದರ ಹೂವಿಗೆ ಸೇರಿಸಬೇಕು. ರಾಗಿಯ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು; ಅದು ನಸುಕಿಗೆ ಮೊದಲೇ ಅರಳಿ, ತನ್ನ ಪರಾಗದಿಂದಲೇ ಕಾಳು ಕಟ್ಟಿಬಿಡುತ್ತದೆ. ಊರೆಲ್ಲ ಮಲಗಿರುವ ಹೊತ್ತಿನಲ್ಲಿ ಎಚ್ಚರವಿದ್ದವರಿಗೆ ಮಾತ್ರ ಸಾಧ್ಯವಾಗುವ ಕೆಲಸವಿದು. ರಾಗಿಯ ತೌರು ಆಫ್ರಿಕ ಖಂಡ. ಆ ಖಂಡದ ರಾಗಿಯನ್ನು ತರಿಸಿ, ನಮ್ಮ ರಾಗಿಯೊಂದಿಗೆ ಕೂಡಿಸಿ, ಲಕ್ಷ್ಮಣಯ್ಯನವರು ಹೊಸ ತಳಿಗಳನ್ನು ಪಡೆದರು. ಇಂಡಿಯಾ ಮತ್ತು ಆಫ್ರಿಕ ಎಂಬ ಎರಡು ಹೆಸರುಗಳನ್ನು ಬೆಸೆದು ಅವಕ್ಕೆ 'ಇಂಡಾಫ್' ಎಂದು ಹೆಸರಾಯಿತು. ಹೆಚ್ಚಿನ ಇಳುವರಿಯ ಈ ತಳಿಗಳು ಹಳ್ಳಿಹಳ್ಳಿಗೆ ಹಬ್ಬಿದವು. ಅವರನ್ನು ಜನ 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು. ರೈತರು ಕೊಟ್ಟ ಈ ಬಿರುದು ಯಾವ ಪದವಿಗೂ ಕಡಿಮೆಯಲ್ಲ.

ಒಳ್ಳೆಯ ಬೀಜವೊಂದೇ ಸಾಲದು; ಬಿದ್ದ ಮಳೆ ನೆಲದಲ್ಲಿ ನಿಲ್ಲಬೇಕು. 1970ರಲ್ಲಿ ಕೆನಡಾ ದೇಶದ ನೆರವಿನೊಡನೆ ಭಾರತದಲ್ಲಿ ಒಣ ಬೇಸಾಯದ ಸಂಯೋಜಿತ ಸಂಶೋಧನಾ ಯೋಜನೆ ಆರಂಭವಾದಾಗ ಬೆಂಗಳೂರಿನಲ್ಲಿಯೂ ಅದರ ಕೇಂದ್ರವೊಂದು ತೆರೆಯಿತು. ಮಾಗಿಯ ಉಳುಮೆಯಿಂದ ಮಳೆನೀರು ಹೆಚ್ಚಾಗಿ ಇಂಗುವುದು. ಇಳಿಜಾರಿಗೆ ಅಡ್ಡಲಾಗಿ ಉತ್ತು ಬಿತ್ತಿದರೆ ಪ್ರತಿಯೊಂದು ಸಾಲೂ ಒಂದು ಪುಟ್ಟ ಕಟ್ಟೆಯಾಗುವುದು. ಬದುವಿನಗುಂಟ ಲಾವಂಚ ನೆಟ್ಟರೆ ಅದರ ಬೇರು ಮಣ್ಣನ್ನು ಹಿಡಿದು ನಿಲ್ಲಿಸುವುದು. ಹರಿದುಹೋಗುವ ನೀರನ್ನು ಕೃಷಿಹೊಂಡದಲ್ಲಿ ಹಿಡಿದರೆ ಪೈರು ಬಾಡುವ ಹೊತ್ತಿಗೆ ಅದೇ ಪ್ರಾಣರಕ್ಷಕವಾಗುವುದು. ಮಳೆ ಸಕಾಲಕ್ಕೆ ಬಂದರೆ ದೀರ್ಘಾವಧಿಯ ರಾಗಿ, ತಡವಾದರೆ ಅಲ್ಪಾವಧಿಯ ರಾಗಿ ಎಂಬ ನಿಯಮವೂ ಸಿದ್ಧವಾಯಿತು. ಕೌಟಿಲ್ಯನ ಮಾತನ್ನು ಇಲ್ಲಿ ನೆನೆಯಬಹುದು.

ವಿಜ್ಞಾನಿಗಳು ಅಕ್ಕಡಿ ಸಾಲನ್ನೂ ಪರೀಕ್ಷೆಗೆ ಒಡ್ಡಿದರು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯಿಟ್ಟರೆ ಲಾಭವೆಂದು ಶಿಫಾರಸು ಮಾಡಿದರು. ರಾಗಿಯ ಬೇರು ಮೇಲ್ಮಣ್ಣಿನ ತೇವವನ್ನು ಉಣ್ಣುತ್ತದೆ. ತೊಗರಿಯ ಬೇರು ಆಳಕ್ಕಿಳಿದು ಕೆಳಗಿನ ತೇವವನ್ನು ಹುಡುಕುತ್ತದೆ. ರಾಗಿ ಕೊಯ್ಲಾದ ಮೇಲೂ ತೊಗರಿ ನಿಂತು ಬೆಳೆಯುತ್ತದೆ. ಹಿರಿಯರು ಮಾಡುತ್ತಿದ್ದುದು ಏಕೆ ಸರಿಯೆಂಬುದನ್ನು ಶಾಸ್ತ್ರವು ಹೀಗೆ ವಿವರಿಸಿತು. ಎಷ್ಟು ಸಾಲಿಗೆ ಎಷ್ಟು ಎಂಬ ಅಳತೆಯನ್ನು ಕೊಟ್ಟಿತು. ಕೊಟ್ಟವನು ರೈತ, ಅಳೆದವನು ವಿಜ್ಞಾನಿ, ಫಲ ಇಬ್ಬರದು.

ಆದರೆ ಈ ಸಂಬಂಧ ಯಾವಾಗಲೂ ಸುಗಮವಾಗಿ ನಡೆಯಿತೆಂದು ಭಾವಿಸಬಾರದು. ಹೊಸ ಬೀಜವನ್ನು ಕಂಡೊಡನೆ ರೈತನು ಸಂದೇಹಪಡುತ್ತಾನೆ. ಅದನ್ನು ಮೂಢತನವೆನ್ನುವವರುಂಟು. ಸ್ವಲ್ಪ ಯೋಚಿಸಿ ನೋಡಿರಿ: ಪ್ರಯೋಗದ ತಾಕು ಒಣಗಿದರೆ ವಿಜ್ಞಾನಿಯ ಪುಸ್ತಕದಲ್ಲಿ ಒಂದು ಸಾಲು ಬರೆಹವಾಗುತ್ತದೆ, ಎರಡು ಎಕರೆಯವನ ಹೊಲ ಒಣಗಿದರೆ ಒಲೆಯ ಮೇಲಿನ ಮಡಕೆ ಬರಿದಾಗುತ್ತದೆ. ಸೋಲಿನ ಬೆಲೆ ಇಬ್ಬರಿಗೂ ಒಂದೇ ಅಲ್ಲ. ಇದಲ್ಲದೆ ರೈತನು ಕಾಳನ್ನು ಮಾತ್ರ ಎಣಿಸುವುದಿಲ್ಲ, ಹುಲ್ಲನ್ನೂ ಎಣಿಸುತ್ತಾನೆ. ರಾಗಿಹುಲ್ಲು ಬೇಸಗೆಯಲ್ಲಿ ದನಕರುಗಳ ಜೀವ. ಗಿಡ್ಡ ಪೈರಿನಲ್ಲಿ ಕಾಳು ಹೆಚ್ಚಿದರೂ ಹುಲ್ಲು ಕಡಿಮೆಯಾದರೆ ಅವನ ಲೆಕ್ಕದಲ್ಲಿ ಅದು ನಷ್ಟವೇ ಆಗಬಹುದು. ಹೊಸ ತಳಿಯೊಂದೇ ಹೊಲವನ್ನೆಲ್ಲ ಆಕ್ರಮಿಸಿದಾಗ ಹಳೆಯ ನಾಟಿ ತಳಿಗಳು ಮರೆಯಾದುದೂ, ಅಕ್ಕಡಿಯ ಕಾಳುಗಳು ಊಟದ ತಟ್ಟೆಯಿಂದ ಜಾರಿದುದೂ ಉಂಟು. ಇವೆಲ್ಲವನ್ನೂ ಕೇಳಿಸಿಕೊಳ್ಳುವ ಕಿವಿ ವಿದ್ಯಾಲಯಕ್ಕೆ ಇರಬೇಕು.

ಕೇಳಿಸಿಕೊಂಡಾಗ ಫಲ ದೊರೆತಿದೆ. ರಾಗಿಯ ಕತ್ತನ್ನೇ ಮುರಿಯುವ ಬೆಂಕಿ ರೋಗವು ರೈತರ ದೊಡ್ಡ ದೂರಾಗಿತ್ತು. ಆ ರೋಗವನ್ನು ತಡೆದುಕೊಳ್ಳುವ ಜಿ.ಪಿ.ಯು. 28 ಎಂಬ ತಳಿಯನ್ನು 1990ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನಿಗಳು ಬಿಡುಗಡೆ ಮಾಡಿದರು. ಅದು ಬಹುಬೇಗ ರೈತರ ವಿಶ್ವಾಸವನ್ನು ಗಳಿಸಿತು. ವಿಶ್ವವಿದ್ಯಾನಿಲಯವು ಹಾಸನದ ಕಾರೆಕೆರೆಯಲ್ಲಿ ಕೃಷಿ ಕಾಲೇಜನ್ನು ತೆರೆಯಿತು. ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಯಲ್ಲಿಯೇ ವಾಸ ಮಾಡಿ, ರೈತರೊಂದಿಗೆ ಹೊಲಕ್ಕೆ ಇಳಿಯುತ್ತಾರೆ. ಪಾಠ ಹೇಳಲು ಹೋದವರು ಪಾಠ ಕಲಿತು ಬರುವುದು ಈ ಏರ್ಪಾಡಿನ ವಿಶೇಷ.

ಹೊರಗಿನ ಲೋಕದಲ್ಲಿಯೂ ಇಂಥ ನಿದರ್ಶನಗಳಿವೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ 1950ರ ದಶಕದ ಕೊನೆಗೆ ಹೀಬ್ರೂ ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನಿ ಮೈಕೆಲ್ ಎವೆನಾರಿಯವರು ಪುರಾತನ ಕಾಲದ ಹೊಲಗಳ ಕಲ್ಲುಕಟ್ಟೆಗಳನ್ನು ಮತ್ತೆ ಎತ್ತಿ ಕಟ್ಟಿಸಿದರು. ಗುಡ್ಡದ ಮೇಲೆ ಬಿದ್ದ ಅಲ್ಪ ಮಳೆಯನ್ನು ಕಣಿವೆಯ ಹೊಲಕ್ಕೆ ತಿರುಗಿಸುತ್ತಿದ್ದ ಹಿಂದಿನವರ ಉಪಾಯ ಇಂದಿಗೂ ಫಲ ಕೊಡುವುದೆಂದು ತೋರಿಸಿದರು. ನಮ್ಮ ಜೋಧಪುರದಲ್ಲಿ 1959ರಲ್ಲಿ ಸ್ಥಾಪನೆಯಾದ ಒಣ ಪ್ರದೇಶಗಳ ಸಂಶೋಧನಾ ಸಂಸ್ಥೆಯು ಮರಳುದಿಬ್ಬಗಳು ಜರುಗದಂತೆ ಗಿಡಮರಗಳಿಂದ ಹಿಡಿದು ನಿಲ್ಲಿಸುವ ವಿಧಾನಗಳನ್ನು ರೂಪಿಸಿತು. ಮರುನಾಡಿನ ರೈತರು ತಲೆತಲಾಂತರದಿಂದ ಹೊಲದಲ್ಲಿ ಕಾಪಾಡಿಕೊಂಡು ಬಂದಿರುವ ಖೇಜ್ರಿ ಮರದ ಗುಣಗಳನ್ನು ಅಭ್ಯಾಸ ಮಾಡಿತು.

ಇಂದು ಒಂದು ಹೊಸ ಸಮಸ್ಯೆ ಎದುರಾಗಿದೆ. ಹೆಬ್ಬಾಳದ ಸುತ್ತ ಒಂದು ಕಾಲಕ್ಕೆ ರಾಗಿಯ ಹೊಲಗಳಿದ್ದವು. ಈಗ ಬೆಂಗಳೂರು ನಗರವು ಅದನ್ನು ದಾಟಿ ಬಹುದೂರ ಬೆಳೆದಿದೆ. ವಿಶ್ವವಿದ್ಯಾನಿಲಯದ ನೆರೆಯವರು ಈಗ ರೈತರಲ್ಲ, ನಗರವಾಸಿಗಳು. ರೈತನನ್ನು ಕಾಣಬೇಕಾದರೆ ಅದು ಮೊದಲಿಗಿಂತ ಹೆಚ್ಚು ದೂರ ನಡೆಯಬೇಕಾಗಿದೆ. ಹಳ್ಳಿಯ ಮಕ್ಕಳೂ ಓದಿ ನಗರವನ್ನು ಸೇರುತ್ತಿದ್ದಾರೆ. ಭಾರತದ ಸಲಹೆಯಂತೆ ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಬಡವರ ಊಟವೆನಿಸಿದ್ದ ರಾಗಿಗೆ ಲೋಕದಲ್ಲಿ ಗೌರವ ದೊರೆಯಿತು. ಆದರೆ ಬೆಳೆಯುವ ಕೈಗಳೇ ಇಲ್ಲವಾದರೆ ಆ ಗೌರವದಿಂದ ಪ್ರಯೋಜನವೇನು?

ಇದಕ್ಕೆ ಉತ್ತರ ಹೇಳಬೇಕಾದವರು ವಿಶ್ವವಿದ್ಯಾನಿಲಯದವರು ಮಾತ್ರವಲ್ಲ. ನಿಮ್ಮ ಊರಿನಲ್ಲಿ ಹಗೇವು ಇದ್ದ ಜಾಗ ಯಾವುದು, ಅಕ್ಕಡಿಯಲ್ಲಿ ಯಾವ ಯಾವ ಕಾಳು ಹಾಕುತ್ತಿದ್ದರು, ಈಗ ಕಾಣದ ರಾಗಿಯ ಹೆಸರುಗಳಾವುವು ಎಂಬುದನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಕೇಳಿ ಬರೆದಿಡುವುದು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯಿಂದಲೂ ಆಗುವ ಕೆಲಸ. ಬರೆಯದೆ ಬಿಟ್ಟ ತಿಳಿವಳಿಕೆ ಹೇಳುವವರೊಂದಿಗೇ ಹೋಗಿಬಿಡುತ್ತದೆ. ಬರೆದಿಟ್ಟದ್ದು ಮುಂದೊಂದು ದಿನ ಬಲ್ಲವರ ಕೈಸೇರಿ ನೂರಾರು ಹೊಲಗಳಿಗೆ ಹಿಂದಿರುಗಿ ಬರಬಹುದು.