8ನೇ ಮರ್ಸೆನ್ ಅವಿಭಾಜ್ಯ: 2,14,74,83,647

2ರ ಘಾತದಿಂದ 1 ಕಳೆದಾಗ ದೊರೆಯುವ ಅವಿಭಾಜ್ಯಗಳೇ ಮರ್ಸೆನ್ ಅವಿಭಾಜ್ಯಗಳು. 17ನೇ ಶತಮಾನದ ಫ್ರೆಂಚ್ ವಿದ್ವಾಂಸ ಮರೆನ್ ಮರ್ಸೆನ್ ಅವರಿಂದ ಈ ಹೆಸರು ಬಂದಿದೆ.

• ರೂಪ: 2³¹ − 1, ಒಟ್ಟು 10 ಅಂಕಿಗಳು.

• ಸಾಧನೆ: ಇದು ಅವಿಭಾಜ್ಯವೆಂದು 1772ರಲ್ಲಿ ತಿಳಿಸಿದವರು ಲಿಯೊನಾರ್ಡ್ ಆಯ್ಲರ್. ಇದಕ್ಕೆ ಅಪವರ್ತನ ಇದ್ದರೆ ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು. ವರ್ಗಮೂಲ ಸುಮಾರು 46,341 ಆದ್ದರಿಂದ ಅದರೊಳಗಿನ ಅಂಥ ಅವಿಭಾಜ್ಯಗಳನ್ನಷ್ಟೇ ಪರೀಕ್ಷಿಸಿದರೆ ಸಾಕು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಈ ಯುಕ್ತಿ ಅಪಾರ ಶ್ರಮ ಉಳಿಸಿತು.

• ಪರಿಪೂರ್ಣ ಸಂಖ್ಯೆ: ಇದನ್ನು 2³⁰ರಿಂದ ಗುಣಿಸಿದರೆ 8ನೇ ಪರಿಪೂರ್ಣ ಸಂಖ್ಯೆ 23,05,84,30,08,13,99,52,128 ಸಿಗುತ್ತದೆ.

• ದ್ವಿಮಾನ ರೂಪ: ಸಾಲಾಗಿ 31 ಒಂದುಗಳು. ಆದ್ದರಿಂದಲೇ 32 ಬಿಟ್‌ಗಳ ಚಿಹ್ನೆಸಹಿತ ಪೂರ್ಣಾಂಕದ ಗರಿಷ್ಠ ಬೆಲೆ ಇದೇ.

• 2038ರ ಸಮಸ್ಯೆ: 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುವ ಹಳೆಯ 32 ಬಿಟ್ ವ್ಯವಸ್ಥೆಗಳು 2038ರ ಜನವರಿ 19ರಂದು ಈ ಮಿತಿ ಮುಟ್ಟುತ್ತವೆ.

ಗಮನಿಸಿ: ಘಾತಾಂಕ ಅವಿಭಾಜ್ಯವಾಗಿದ್ದರೆ ಸಾಲದು. 11 ಅವಿಭಾಜ್ಯ; ಆದರೆ 2¹¹ − 1 = 2047 = 23 × 89. ಹೇಳಿಕೆ ಸರಿಯೋ ತಪ್ಪೋ ಎಂದು ಕೇಳುವ ಪ್ರಶ್ನೆಗಳಿಗೆ ಈ ಉದಾಹರಣೆಯನ್ನು ತಪ್ಪದೆ ನೆನಪಿಡಿ.