ನವರಾತ್ರಿಯ ಅಲಂಕಾರ ಮತ್ತು ಮನೆಯ ಕೈತೋಟ

ಆಶ್ವಯುಜ ಮತ್ತು ಕಾರ್ತಿಕ ಮಾಸಗಳೆರಡೂ ಸೇರಿ ಶರದೃತುವೆನಿಸುತ್ತವೆ. ನೀರು ತಿಳಿಯಾಗಿ, ದಾರಿಯ ಕೆಸರು ಆರಿ, ಆಕಾಶವು ಶುಭ್ರವಾಗುವ ಈ ಕಾಲವನ್ನು ನಮ್ಮ ಪ್ರಾಚೀನ ಕವಿಗಳು ಬಹುವಾಗಿ ಕೊಂಡಾಡಿದ್ದಾರೆ. ಮುಂಬಯಿಯಲ್ಲಿ ನೆಲೆಸಿರುವ ನಮಗೆ ಮಾತ್ರ ಶರತ್ಕಾಲದ ದರ್ಶನವು ಅಷ್ಟು ಸುಲಭವಲ್ಲ. ಹವಾಮಾನ ಇಲಾಖೆಯವರು 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಂತೆ ಮುಂಗಾರು ಈ ನಗರದಿಂದ ಹಿಂದೆಗೆಯುವ ಸಾಮಾನ್ಯ ದಿನವು ಅಕ್ಟೋಬರ್ 8. ಆದುದರಿಂದ ಕೆಲವು ವರ್ಷ ನಮ್ಮ ನವರಾತ್ರಿಯು ಕೊಡೆಯ ಕೆಳಗೂ ಕೆಲವು ವರ್ಷ ಅಕ್ಟೋಬರದ ಉರಿಬಿಸಿಲಿನಲ್ಲಿಯೂ ನಡೆಯುತ್ತದೆ. 2023ರಲ್ಲಿ ಅಧಿಕ ಶ್ರಾವಣವು ಬಂದುದರಿಂದ ವಿಜಯದಶಮಿಯು ಅಕ್ಟೋಬರ್ 24ಕ್ಕೆ ಸರಿಯಿತು. 2025ರಲ್ಲಿ ಅಕ್ಟೋಬರ್ 2ಕ್ಕೇ ಬಂದಿತು. ಪಂಚಾಂಗದ ಈ ಲೆಕ್ಕವನ್ನು ಮೊದಲಿಗೇ ಎತ್ತಿರುವುದಕ್ಕೆ ಕಾರಣವುಂಟು. ನವರಾತ್ರಿಯಲ್ಲಿ ನಾವು ಮನೆಗೆ ಮಾಡುವ ಅಲಂಕಾರದಲ್ಲಿ ಬಹುಪಾಲು ಬಿತ್ತಿ ಬೆಳೆಯತಕ್ಕದ್ದು. ಹಬ್ಬದ ಮುನ್ನಾದಿನ ದಾದರಿನ ಹೂಮಾರುಕಟ್ಟೆಗೆ ಹೋಗಿ ಚೀಲ ತುಂಬಿಸಿಕೊಂಡು ಬರುವ ನಾವು ಆ ಪೂಜೆಯ ಒಂದು ಅಂಗವನ್ನೇ ಕೈಬಿಟ್ಟಿದ್ದೇವೆಂದು ನನ್ನ ನಂಬಿಕೆ.

ಧಾರವಾಡ, ಗದಗ, ಬೆಳಗಾವಿ, ವಿಜಯಪುರಗಳ ಕಡೆಯವರಿಗೆ 'ಘಟ್ಟ ಹಾಕುವುದು' ಎಂದರೆ ವಿವರಿಸಬೇಕಾದುದಿಲ್ಲ. ದಕ್ಷಿಣದ ಜಿಲ್ಲೆಗಳಿಂದ ಬಂದ ವಾಚಕರಿಗಾಗಿ ಎರಡು ಮಾತು. ಪಾಡ್ಯದ ದಿನ ಹೊಲದಿಂದ ಮಣ್ಣು ತಂದು, ಕಲ್ಲು ಕಸ ಆರಿಸಿ, ಪತ್ರಾವಳಿಯ ಮೇಲಾಗಲಿ ಬುಟ್ಟಿಯಲ್ಲಾಗಲಿ ಹರವುತ್ತಾರೆ. ಅದರಲ್ಲಿ ಜೋಳ, ಗೋಧಿ ಮೊದಲಾದ ಧಾನ್ಯಗಳನ್ನು ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆಯನ್ನಿರಿಸಿ, ಮೇಲೆ ವೀಳ್ಯದೆಲೆ ಮತ್ತು ತೆಂಗಿನಕಾಯಿಗಳನ್ನಿಡುತ್ತಾರೆ. ಪಕ್ಕದಲ್ಲಿ ಒಂಬತ್ತು ದಿನವೂ ನಂದದ ದೀಪ. ದಿನಕ್ಕೊಂದರಂತೆ ಮೇಲಿನಿಂದ ಇಳಿಬಿಡುವ ಹೂಮಾಲೆ. ದಶಮಿಯ ಹೊತ್ತಿಗೆ ಗೇಣುದ್ದ ಬೆಳೆದ ಸಸಿಗಳನ್ನು ಕಿತ್ತು ದೇವಿಗೆ ಏರಿಸಿ, ಗಂಡಸರು ರುಮಾಲು ಟೊಪ್ಪಿಗೆಗಳಲ್ಲಿಯೂ ಹೆಂಗಸರು ತುರುಬಿನಲ್ಲಿಯೂ ಸಿಕ್ಕಿಸಿಕೊಳ್ಳುವರು. ನಮ್ಮ ಕಪ್ಪುನೆಲದಲ್ಲಿ ಹಿಂಗಾರಿ ಜೋಳವನ್ನು ಬಿತ್ತುವುದೂ ಇದೇ ದಿನಗಳಲ್ಲಿ. ಮನೆಯ ಬೀಜವು ಮೊಳೆಯುವ ಶಕ್ತಿಯುಳ್ಳದ್ದೋ ಅಲ್ಲವೋ ಎಂಬುದನ್ನು ಹೊಲಕ್ಕೆ ಒಯ್ಯುವ ಮೊದಲು ದೇವರ ಮುಂದೆ ಪರೀಕ್ಷಿಸುವ ಏರ್ಪಾಡು ಇದಾಗಿರಬೇಕೆಂದು ನನಗೆ ತೋರುತ್ತದೆ. ಭಕ್ತಿಗೂ ಬೇಸಾಯಕ್ಕೂ ಇಲ್ಲಿ ಬೇರೆ ಬೇರೆ ಕೋಣೆಗಳಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತಾಯಿಯವರು ಊರಿನ ಮನೆಗೆ ಬೀಗ ಹಾಕಿ ನಮ್ಮೊಡನೆ ಇರಲು ಬಂದರು. ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಕಾಲಿಗೆ ಮಣ್ಣು ತಾಗುವ ಸಂಭವವೇ ಇಲ್ಲ. ಮಹಾಲಯ ಅಮಾವಾಸ್ಯೆಯ ದಿನ ಅವರು 'ಮಣ್ಣು ಎಲ್ಲಿಂದ ತರತೀ?' ಎಂದು ಕೇಳಿದಾಗ, ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದ ನನ್ನಲ್ಲಿ ಉತ್ತರವಿರಲಿಲ್ಲ. ಸಸಿ ಮಾರುವವನಿಂದ ಒಂದು ಚೀಲ ಮಣ್ಣನ್ನು ಕೊಂಡುತಂದೆ. ತಳದಲ್ಲಿ ತೂತಿಲ್ಲದ ಉಕ್ಕಿನ ತಾಟಿನಲ್ಲಿ ಅದನ್ನು ಹರವಿದೆ. ಗಡಿಗೆಯ ಬದಲಿಗೆ, ಅದಕ್ಕಿಂತ ಶ್ರೇಷ್ಠವೆಂದು ಭಾವಿಸಿ, ಫಳಫಳಿಸುವ ತಾಮ್ರದ ತಂಬಿಗೆಯನ್ನಿಟ್ಟೆ. ಕಚೇರಿಗೆ ಹೊರಡುವಾಗ ಒಮ್ಮೆ, ಬಂದಮೇಲೆ ಒಮ್ಮೆ ಭಕ್ತಿಯಿಂದ ನೀರು ಹನಿಸಿದೆ. ಮೂರನೆಯ ದಿನ ಮೊಳಕೆ ಕಂಡವು. ಐದನೆಯ ದಿನ ದೇವರ ಮುಂದೆ ಹುಳಿವಾಸನೆ ಹೊರಟಿತು; ಕಾಳುಗಳ ಮೇಲೆ ಬಿಳಿಯ ಬೂಷ್ಟು ಹಬ್ಬಿತ್ತು.

ಘಟ್ಟವು ಕೆಟ್ಟರೆ ಮನೆಗೆ ಒಳಿತಲ್ಲವೆಂಬ ಭಾವನೆಯಲ್ಲಿ ಬೆಳೆದವರು ಅವರು. ನನ್ನ ಪತ್ನಿಯು ಹೆದರಿ ಒಳಗೆ ಹೋದಳು. ತಾಯಿಯವರು ಕನ್ನಡಕ ಹಾಕಿಕೊಂಡು, ತಂಬಿಗೆಯನ್ನೆತ್ತಿ ಅದರ ತಳವನ್ನು ಬೆರಳಿನಿಂದ ಸವರಿ, 'ತಾಂಬ್ರ ಬೆವರತದೇನು?' ಎಂದರು. ಅಷ್ಟೇ. ಅವರ ಮುಖದಲ್ಲಿ ನಾನು ನಿರೀಕ್ಷಿಸಿದ್ದ ದುಗುಡವಿರಲಿಲ್ಲ. ಆದರೆ ಅಷ್ಟಮಿ ನವಮಿಗಳಲ್ಲಿ ಅವರು ಘಟ್ಟದ ಎದುರು ಕುಳಿತುಕೊಳ್ಳಲಿಲ್ಲ.

ಆ ಒಂದು ಪ್ರಶ್ನೆಯಲ್ಲಿ ಇಡೀ ಪಾಠವಡಗಿತ್ತು. ಸುಟ್ಟ ಮಣ್ಣಿನ ಗಡಿಗೆಯ ಮೈಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳಿರುತ್ತವೆ. ಒಳಗಿನ ನೀರು ಅವುಗಳ ಮೂಲಕ ಸಣ್ಣಗೆ ಒಸರಿ ಸುತ್ತಲಿನ ಮಣ್ಣನ್ನು ತೇವವಾಗಿಡುತ್ತದೆ. ಮಣ್ಣು ಒಣಗಿದಂತೆ ಹೆಚ್ಚು ಹೀರುತ್ತದೆ, ತೇವವಿದ್ದಾಗ ಕಡಿಮೆ. ಒಣಭೂಮಿಯ ರೈತರು ಗಿಡದ ಬುಡದಲ್ಲಿ ಗಡಿಗೆ ಹೂತು ನೀರುಣಿಸುವ ಪದ್ಧತಿಯೂ ಇದೇ ತತ್ತ್ವವನ್ನು ಅನುಸರಿಸಿದುದು. ಘಟ್ಟದ ಮಧ್ಯದ ಗಡಿಗೆಯು ದೇವಿಯ ಆಸನವೂ ಹೌದು, ಆ ಪುಟ್ಟ ಹೊಲದ ಕೆರೆಯೂ ಹೌದು. ಲೋಹದ ಕಲಶವನ್ನಿಟ್ಟವನು ಮೇಲಿನಿಂದ ನೀರು ಸುರಿಯಲೇಬೇಕಾಗುತ್ತದೆ. ಮೇಲಿನಿಂದ ಸುರಿದ ನೀರು ತಳದಲ್ಲಿ ನಿಂತರೆ ಬೇರಿಗೆ ಗಾಳಿಯಿಲ್ಲದೆ ಕಾಳು ಕೊಳೆಯುತ್ತದೆ. ನಗರದಲ್ಲಿ ಈಗ ನವರಾತ್ರಿಗೆಂದೇ ಬಣ್ಣ ಬಳಿದ, ಕನ್ನಡಿ ಚೂರು ಅಂಟಿಸಿದ ಗಡಿಗೆಗಳು ಮಾರಾಟಕ್ಕೆ ಬರುತ್ತವೆ. ನೋಡಲು ಚಂದವೇ. ಆದರೆ ಬಣ್ಣವು ರಂಧ್ರಗಳನ್ನು ಮುಚ್ಚಿಬಿಡುವುದರಿಂದ ಅವುಗಳಿಗೂ ನನ್ನ ತಾಮ್ರದ ತಂಬಿಗೆಗೂ ಹೆಚ್ಚಿನ ಭೇದವಿಲ್ಲ. ಬಣ್ಣವಿಲ್ಲದ ಸಾದಾ ಗಡಿಗೆಯನ್ನೇ ಕೇಳಿ ತರತಕ್ಕದ್ದು. ಪ್ರತಿದಿನ ಗಡಿಗೆಯೊಳಕ್ಕೆ ನೀರು ತುಂಬಿ, ಅಂಚಿನ ಮಣ್ಣು ಒಣಗಿದಲ್ಲಿ ಮಾತ್ರ ಕೈಯಿಂದ ಚಿಮುಕಿಸಿದರೆ ಸಾಕು. ತಾಟಿಗಿಂತ ಬಿದಿರಿನ ಬುಟ್ಟಿಯಾಗಲಿ, ತಳದಲ್ಲಿ ತೂತುಳ್ಳ ಮಣ್ಣಿನ ತಟ್ಟೆಯಾಗಲಿ ಉತ್ತಮ.

ಧಾನ್ಯದ ವಿಷಯದಲ್ಲಿಯೂ ಎಚ್ಚರ ಬೇಕು. ಪೂಜಾಸಾಮಗ್ರಿಯ ಅಂಗಡಿಯ ನವಧಾನ್ಯದ ಪೊಟ್ಟಣದಲ್ಲಿರುವ ಕಾಳು ಎಷ್ಟು ವರ್ಷದ್ದೋ ತಿಳಿಯದು. ಎಲ್ಲವನ್ನೂ ಒಟ್ಟಿಗೆ ಬಿತ್ತಿದರೆ ಹೆಸರು ಮೂರನೆಯ ದಿನಕ್ಕೆ ತಲೆಯೆತ್ತಿ ಭತ್ತವು ಇನ್ನೂ ನಿದ್ರಿಸುತ್ತಿರುತ್ತದೆ. ನಾನು ಈಗ ಮಾಡುವುದು ಇಷ್ಟು: ಹದಿನೈದು ದಿನ ಮುಂಚೆ ಪ್ರತಿಯೊಂದು ಧಾನ್ಯದಿಂದ ಹತ್ತು ಕಾಳುಗಳನ್ನು ಒದ್ದೆಬಟ್ಟೆಯಲ್ಲಿ ಕಟ್ಟಿ ನೋಡುತ್ತೇನೆ. ಏಳಕ್ಕಿಂತ ಕಡಿಮೆ ಮೊಳೆತರೆ ಆ ಧಾನ್ಯವನ್ನು ಬೇರೆಡೆಯಿಂದ ತರುತ್ತೇನೆ. ಅಮಾವಾಸ್ಯೆಯ ರಾತ್ರಿ ಅವುಗಳನ್ನು ಪ್ರತ್ಯೇಕವಾಗಿ ನೆನೆಹಾಕಿ, ಬೆಳಿಗ್ಗೆ ಅವರೆ, ತೊಗರಿಗಳಂಥ ದಪ್ಪಕಾಳುಗಳನ್ನು ಕೆಳಗೂ ಜೋಳ ಗೋಧಿಗಳನ್ನು ಅದರ ಮೇಲೂ ಇಟ್ಟು, ಎಳ್ಳನ್ನು ಕೇವಲ ಮೇಲ್ಮಣ್ಣಿನಲ್ಲಿ ಉದುರಿಸುತ್ತೇನೆ. ಕಡಲೆಯು ತೇವ ಹೆಚ್ಚಾದರೆ ಎಲ್ಲಕ್ಕಿಂತ ಮೊದಲು ಕೊಳೆಯುವುದರಿಂದ ಅದಕ್ಕೆ ಗಡಿಗೆಯಿಂದ ದೂರದ ಅಂಚಿನಲ್ಲಿ ಸ್ಥಾನ.

ಕೆಲವರ ಮನೆಯ ಘಟ್ಟವು ಹಳದಿಯಾಗಿಯೂ ಕೆಲವರದು ಹಸುರಾಗಿಯೂ ಬೆಳೆಯುವುದೇಕೆಂದು ಗೃಹಿಣಿಯರು ಪರಸ್ಪರ ಕೇಳಿಕೊಳ್ಳುವುದುಂಟು. ಇದರಲ್ಲಿ ಶುಭಾಶುಭಗಳೇನೂ ಇಲ್ಲ. ಎಲೆಯ ಹಸುರು ವರ್ಣದ್ರವ್ಯವು ಬೆಳಕಿಲ್ಲದೆ ಹುಟ್ಟುವುದಿಲ್ಲ. ಕತ್ತಲೆಯ ದೇವರಮನೆಯಲ್ಲಿ ಸಸಿಯು ಬೆಳಕನ್ನು ಅರಸುತ್ತಾ ಉದ್ದುದ್ದವಾಗಿ ಬೆಳೆದು ಹೊಂಬಣ್ಣ ತಾಳುತ್ತದೆ. ಕಿಟಕಿಯ ಬಳಿಯದು ಗಿಡ್ಡವಾಗಿ ಹಸುರಾಗಿರುತ್ತದೆ. ಹೊಂಬಣ್ಣವನ್ನು ಬಂಗಾರವೆಂದು ಹಿಗ್ಗುವವರಿಗೂ, ಹಸುರನ್ನು ಬೆಳೆಯೆಂದು ಹಿಗ್ಗುವವರಿಗೂ ನನ್ನ ನಮಸ್ಕಾರ.

ಹಳೆಯ ಮೈಸೂರಿನ ಕಡೆಯವರು ಗೊಂಬೆ ಕೂರಿಸುವಾಗ ಮೆಟ್ಟಿಲುಗಳ ಕೆಳಗೆ ಮಾಡುವ ಪುಟ್ಟ ಉದ್ಯಾನವೂ ಇದೇ ಬಿತ್ತನೆಯ ಇನ್ನೊಂದು ರೂಪ. ಪಟ್ಟದ ಗೊಂಬೆಗಳು, ಸೆಟ್ಟಿ ದಂಪತಿಗಳು, ಕನ್ನಡಿಯ ಕೊಳ, ಅದರ ಸುತ್ತ ರಾಗಿ ಸಾಸಿವೆಗಳ ಹಸುರು ಹಾಸು. ಮಕ್ಕಳ ಕೈಗೆ ಒಪ್ಪಿಸತಕ್ಕ ಕೆಲಸವಿದು. ಸಾಸಿವೆ ಮೂರು ದಿನಕ್ಕೆ, ರಾಗಿ ನಾಲ್ಕೈದು ದಿನಕ್ಕೆ ನೆಲವನ್ನು ಮುಚ್ಚುತ್ತವೆ. ಆದ್ದರಿಂದ ಪಾಡ್ಯಕ್ಕೆ ಐದು ದಿನ ಮುಂಚೆ ಬಿತ್ತಬೇಕು. ಈಚೆಗೆ ಪ್ಲಾಸ್ಟಿಕ್ ಹುಲ್ಲಿನ ಚಾಪೆಯನ್ನು ಹಾಸುವ ಪರಿಪಾಠ ಬಂದಿದೆ. ಅದರ ಬಗೆಗೆ ಏನನ್ನೂ ಹೇಳಲು ನನಗೆ ಮನಸ್ಸಿಲ್ಲ.

ಇನ್ನು ಚೆಂಡುಹೂವು. ಇದಿಲ್ಲದ ದಸರೆಯನ್ನು ನಾವು ಊಹಿಸಲಾರೆವು. ಆದರೂ ಇದು ನಮ್ಮ ದೇಶದ್ದಲ್ಲ. ಮೆಕ್ಸಿಕೋ ದೇಶವೇ ಇದರ ತವರು. ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದುದೆಂದು ಹೇಳುತ್ತಾರೆ. ಅಲ್ಲಿನ ಜನರು ನವೆಂಬರಿನ ಮೊದಲ ಎರಡು ದಿನಗಳಲ್ಲಿ ಅಗಲಿದ ಹಿರಿಯರಿಗಾಗಿ ಇದೇ ಹೂವಿನಿಂದ ಮನೆಯನ್ನೂ ಸಮಾಧಿಗಳನ್ನೂ ಸಿಂಗರಿಸುವರು. ಪಿತೃಪಕ್ಷ ಮುಗಿಸಿ ದೇವೀಪಕ್ಷಕ್ಕೆ ಕಾಲಿಡುವ ನಮಗೆ ಈ ಸಂಗತಿಯು ಅಷ್ಟು ಅಪರಿಚಿತವಾಗಿ ಕೇಳಿಸದು. ಹನ್ನೆರಡು ಅಂಗುಲದ ಕುಂಡದಲ್ಲಿ, ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಇದು ಚೆನ್ನಾಗಿ ಬರುತ್ತದೆ. ಬೀಜದಿಂದ ಹೂವಿನವರೆಗೆ ಸುಮಾರು 80 ದಿನ. ಅಂದರೆ 2023ರ ಹಬ್ಬಕ್ಕೆ ಆಗಸ್ಟ್ 5ರಂದು ಬಿತ್ತಿದ್ದರೆ ಸಾಕಾಗಿತ್ತು. 2025ರ ಹಬ್ಬಕ್ಕೆ ಜುಲೈ 14ಕ್ಕೇ ಬಿತ್ತಬೇಕಾಗಿತ್ತು. ಪಂಚಾಂಗಕ್ಕೆ ಅಧಿಕಮಾಸವಿದೆ, ಗಿಡಕ್ಕಿಲ್ಲ. ಜುಲೈಯ ಜಡಿಮಳೆಗೆ ಎಳೆಯ ಸಸಿಗಳು ನೆಲಕಚ್ಚುವುದರಿಂದ ಮೊದಲ ನಾಲ್ಕು ವಾರ ಸೂರಿನ ಅಂಚಿನೊಳಗೆ ಬೆಳೆಸಿ, ಆಮೇಲೆ ಕುಂಡಕ್ಕೆ ಬದಲಾಯಿಸತಕ್ಕದ್ದು. ಬದಲಾಯಿಸಿದ ಒಂದು ತಿಂಗಳೊಳಗೆ ತುದಿಯ ಕುಡಿಯನ್ನು ಚಿವುಟಿದರೆ ಪಕ್ಕದ ಕವಲುಗಳು ಒಡೆದು ಹೂವು ಹೆಚ್ಚುತ್ತದೆ. ಮೊದಲ ವರ್ಷ ನನ್ನ ಪತ್ನಿಯು ಚಿವುಟಲು ಒಪ್ಪಲಿಲ್ಲ. ಬೆಳೆಯುವ ಗಿಡದ ತಲೆ ಮುರಿಯುವುದೇ ಎಂದಳು. ಆ ವರ್ಷ ಗಿಡಕ್ಕೆ ನಾಲ್ಕೇ ಹೂ. ನಾಲ್ಕು ಕುಂಡಗಳಿಂದ ಬಾಗಿಲಿನ ತೋರಣವಾಗಲಾರದು, ನಿಜ. ತೋರಣದ ಹೂವನ್ನು ನಾವೂ ದಾದರಿನಿಂದಲೇ ತರುತ್ತೇವೆ. ಘಟ್ಟದ ಮೇಲಿನ ಮಾಲೆ ಮಾತ್ರ ಮನೆಯ ಹೂವಿನದು.

ಬನ್ನಿಯ ವಿಷಯವನ್ನು ಹೇಳದೆ ಈ ಲೇಖನವನ್ನು ಮುಗಿಸುವಂತಿಲ್ಲ. ನಮ್ಮ ಬನ್ನಿಯು ಶಮೀವೃಕ್ಷ. ಮುಳ್ಳುಳ್ಳದ್ದು, ಎಲೆಗಳು ಬಹು ಸಣ್ಣವು. ವಿರಾಟನಗರದ ಹೊರಗೆ ಪಾಂಡವರು ಆಯುಧಗಳನ್ನು ಅಡಗಿಸಿಟ್ಟ ಮರವಿದು. ಮಹಾರಾಷ್ಟ್ರದಲ್ಲಿ ಬಂಗಾರವೆಂದು ಹಂಚುವ ಆಪ್ತವು ಬೇರೆಯೇ ಮರ. ಅದರ ಎಲೆಯು ಆಕಳ ಗೊರಸಿನಂತೆ ಎರಡಾಗಿ ಸೀಳಿರುತ್ತದೆ. ಎರಡಕ್ಕೂ ಹೇಳುವ ಕಥೆ ರಘುಮಹಾರಾಜನದು: ಗುರುದಕ್ಷಿಣೆಗಾಗಿ ಹದಿನಾಲ್ಕು ಕೋಟಿ ಹೊನ್ನನ್ನು ಬೇಡಿಬಂದ ಕೌತ್ಸನಿಗಾಗಿ ಕುಬೇರನು ಹೊನ್ನಿನ ಮಳೆಗರೆದನು. ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ ಆ ಹೊನ್ನು ಬೀಳುವುದು ಅರಸನ ಭಂಡಾರದೊಳಗೆ. ಮರದ ಪ್ರಸ್ತಾಪವೇ ಅಲ್ಲಿಲ್ಲ. ಭಂಡಾರದ ಹೊನ್ನನ್ನು ಮರದ ಮೇಲೆ ಸುರಿಸಿ ಎಲ್ಲರ ಕೈಗೂ ಎಟುಕಿಸಿದವರು ಜನಸಾಮಾನ್ಯರು. ಬ್ಯಾಂಕಿನ ನೌಕರನಾದ ನನಗೆ ಈ ತಿದ್ದುಪಡಿಯು ಬಹಳ ಹಿಡಿಸಿದೆ.

ಆದರೆ ದಶಮಿಯ ಮುನ್ನಾದಿನ ಈ ನಗರದ ರಸ್ತೆಬದಿಯಲ್ಲಿ ರಾಶಿ ಬೀಳುವ ಕೊಂಬೆಗಳನ್ನು ಕಂಡಾಗ ಮನಸ್ಸು ಕುಗ್ಗುತ್ತದೆ. ಕಾಡಿನಿಂದ ಕಡಿದು ತಂದವು. ಅವುಗಳಲ್ಲಿ ಆಪ್ತವಲ್ಲದ ಕಾಂಚನದ ಎಲೆಯೂ ಬೆರೆತಿರುತ್ತದೆ. ಮರುದಿನ ಎಲ್ಲವೂ ಕಸದ ಗಾಡಿಗೆ. 1730ರಲ್ಲಿ ಜೋಧಪುರದ ಸಮೀಪದ ಖೇಜಡ್ಲಿ ಗ್ರಾಮದಲ್ಲಿ, ಅರಸನ ಆಳುಗಳು ಮರ ಕಡಿಯಲು ಬಂದಾಗ ಅಮೃತಾದೇವಿ ಮೊದಲಾಗಿ 363 ಮಂದಿ ಬಿಷ್ಣೋಯಿಗಳು ಮರಗಳನ್ನು ತಬ್ಬಿಕೊಂಡು ಪ್ರಾಣ ತೆತ್ತರು. ಆ ಖೇಜಡಿಯೇ ನಮ್ಮ ಶಮಿ. ಅದೇ ಮರದ ಹೆಸರಿನಲ್ಲಿ ನಾವು ಕೊಂಬೆ ಮುರಿಯುತ್ತಿದ್ದೇವೆ.

ನಾನೂ ಒಂದು ಶಮಿಯ ಸಸಿಯನ್ನು ಕುಂಡದಲ್ಲಿಟ್ಟಿದ್ದೆ. ಒಣನಾಡಿನ ಆ ಮರಕ್ಕೆ ಮುಂಬಯಿಯ ಮಳೆ ಸೇರದು; ಮೊದಲನೆಯ ಸಸಿಯು ಜುಲೈಯಲ್ಲಿ ಬೇರು ಕೊಳೆತು ಹೋಯಿತು. ಎರಡನೆಯದನ್ನು ಅರ್ಧ ಮರಳು ಬೆರೆಸಿದ ಮಣ್ಣಿನಲ್ಲಿ, ಮಳೆ ತಾಗದ ಮೂಲೆಯಲ್ಲಿಟ್ಟಿದ್ದೇನೆ. ನಾಲ್ಕು ವರ್ಷವಾಯಿತು, ಇನ್ನೂ ಮೊಳಕಾಲೆತ್ತರ. ದಶಮಿಯ ಸಂಜೆ ಅದಕ್ಕೆ ಅರಿಸಿನ ಕುಂಕುಮವೇರಿಸಿ, ಉದುರಿದ ಎಲೆಗಳನ್ನು ಆಯ್ದು, ಒಬ್ಬೊಬ್ಬರಿಗೆ ಒಂದೊಂದು ಎಲೆ ಕೊಡುತ್ತೇವೆ. ತಾಯಿಯವರು ಈಗಿಲ್ಲ. ಅವರು ಕೈಯಾರೆ ಆರಿಸಿ ತಂದ ಸಾದಾ ಗಡಿಗೆಯಲ್ಲಿ ಎರಡು ನವರಾತ್ರಿಗಳನ್ನು ಅವರ ಕಣ್ಣೆದುರೇ ನಡೆಸಿದೆವು. ಎರಡು ಬಾರಿಯೂ ಜೋಳವು ಗೇಣುದ್ದ ಬಂದಿತು. ದಶಮಿಯ ಮಾರನೆಯ ದಿನ ಘಟ್ಟದ ಮಣ್ಣನ್ನು ನಾನು ಸಮುದ್ರಕ್ಕೆ ಒಯ್ಯುವುದಿಲ್ಲ. ಚೆಂಡುಹೂವಿನ ಕುಂಡಗಳಿಗೇ ಸುರಿದು, ಕೊನೆಯ ಎರಡು ಹೂಗಳನ್ನು ಬೀಜಕ್ಕೆಂದು ಗಿಡದಲ್ಲಿಯೇ ಒಣಗಲು ಬಿಡುತ್ತೇನೆ.