ದಾಂತಿಯೆನ್ ಉಸಿರಾಟ: ಕ್ರಮ ಚೀನಾದ್ದು, ಲೆಕ್ಕ ಶರೀರಶಾಸ್ತ್ರದ್ದು

ಉಸಿರನ್ನು ಹೊಕ್ಕುಳ ಕೆಳಗಿನ ‘ದಾಂತಿಯೆನ್’ಗೆ ಇಳಿಸಬೇಕು ಎಂಬುದು ಚೀನಾದ ಚಿಗಾಂಗ್ ಅಭ್ಯಾಸದ ಮೊದಲ ಪಾಠಗಳಲ್ಲೊಂದು. ‘ಚಿ’ ಎಂಬ ಜೀವಶಕ್ತಿ ಅಲ್ಲಿ ಕೂಡಿಕೊಳ್ಳುತ್ತದೆಂಬುದು ಆ ಪರಂಪರೆಯ ನಂಬಿಕೆ. ಇಂಥ ಅಭ್ಯಾಸಗಳ ಬೇರು ಹಳೆಯದು. ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರ ಗೋರಿಯೊಂದರಲ್ಲಿ ಸಿಕ್ಕ ರೇಷ್ಮೆಯ ಮೇಲೆ 44 ವ್ಯಾಯಾಮ ಭಂಗಿಗಳ ಚಿತ್ರಗಳಿವೆ.

ಗಾಳಿ ಶ್ವಾಸಕೋಶ ದಾಟಿ ಹೊಟ್ಟೆಗೆ ಇಳಿಯುವುದಿಲ್ಲ. ಆದರೆ ಅಲ್ಲಿಗೆ ಗಮನ ಕೊಟ್ಟಾಗ ಉಸಿರಾಟದ ಮುಖ್ಯ ಸ್ನಾಯುವಾದ ವಪೆ ಚೆನ್ನಾಗಿ ಕೆಲಸ ಮಾಡುತ್ತದೆ.

1. ಕೂರುವುದು: ಬೆನ್ನು ನೇರವಾಗಿಟ್ಟು, ಪಾದಗಳನ್ನು ನೆಲಕ್ಕೂರಿ ಕುರ್ಚಿಯಲ್ಲಿ ಕುಳಿತುಕೊಳ್ಳಿ. ಹೊಟ್ಟೆ ತುಂಬಿರುವಾಗ ಬೇಡ.

2. ಕೈ ಇಡುವುದು: ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳಿಗಿಂತ ನಾಲ್ಕು ಬೆರಳು ಕೆಳಗೆ.

3. ಒಳಗೆಳೆಯುವುದು: ಮೂಗಿನಿಂದ 4 ಸೆಕೆಂಡ್. ವಪೆ ಕೆಳಗಿಳಿದು ಕರುಳನ್ನು ಒತ್ತುವುದರಿಂದ ಕೆಳಗಿನ ಕೈ ಏಳಬೇಕು, ಮೇಲಿನದು ಹೆಚ್ಚು ಅಲುಗಬಾರದು.

4. ಹೊರಬಿಡುವುದು: 6 ಸೆಕೆಂಡ್, ಒತ್ತಾಯವಿಲ್ಲದೆ. ಉಸಿರು ಬಿಡುವಾಗ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯ ಬಡಿತ ತುಸು ನಿಧಾನವಾಗುತ್ತದೆ.

5. ಮುಂದುವರಿಸುವುದು: 5 ನಿಮಿಷ ಸಾಕು. ನಡುವೆ ಉಸಿರು ಕಟ್ಟಬೇಡಿ.

ಹೀಗೆ ನಿಧಾನವಾಗಿ ಉಸಿರಾಡುವುದರ ಲೆಕ್ಕ ಇದು. ಪ್ರತಿ ಉಸಿರಿನಲ್ಲೂ ಸುಮಾರು 150 ಮಿ.ಲೀ. ಗಾಳಿ ಶ್ವಾಸನಾಳಗಳಲ್ಲೇ ಉಳಿದು ವ್ಯರ್ಥವಾಗುತ್ತದೆ. ನಿಮಿಷಕ್ಕೆ 500 ಮಿ.ಲೀ.ಯ 12 ಉಸಿರು ಎಳೆದರೆ, 6 ಲೀಟರಿನಲ್ಲಿ ಗಾಳಿಗೂಡುಗಳನ್ನು ಮುಟ್ಟುವುದು 4.2 ಲೀಟರ್. ಅಷ್ಟೇ ಗಾಳಿಯನ್ನು ಮೇಲಿನ ಎಣಿಕೆಯಂತೆ 6 ಉಸಿರಿನಲ್ಲಿ ಎಳೆದರೆ 5.1 ಲೀಟರ್ ಮುಟ್ಟುತ್ತದೆ.

ಹಾಗೆಂದು ರಕ್ತದಲ್ಲಿ ಆಮ್ಲಜನಕ ಹೆಚ್ಚೇನೂ ಏರದು. ಆರೋಗ್ಯವಂತರಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಆಗಲೇ ಶೇ 95ಕ್ಕಿಂತ ಮೇಲಿರುತ್ತದೆ. ಅಗತ್ಯ ಮೀರಿ ಜೋರಾಗಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಕುಸಿದು, ಮೆದುಳಿನ ರಕ್ತನಾಳಗಳು ಕುಗ್ಗಿ ತಲೆ ಸುತ್ತುತ್ತದೆ. ಹಾಗಾದರೆ ಅಭ್ಯಾಸ ನಿಲ್ಲಿಸಿ, ಸಹಜವಾಗಿ ಉಸಿರಾಡಿ.

ಗಮನಿಸಿ

* ಓಡುವಾಗ, ಮೆಟ್ಟಿಲು ಹತ್ತುವಾಗ ಈ ಎಣಿಕೆ ಬೇಡ. ಸ್ನಾಯುಗಳು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಹಾಕುವಾಗ ಉಸಿರು ವೇಗವಾಗಲೇಬೇಕು.
* ಉಸಿರೆಳೆಯುವಾಗ ಹೊಟ್ಟೆ ಒಳಸೇರಿಸುವ ‘ವಿಲೋಮ’ ಕ್ರಮವೂ ಚಿಗಾಂಗ್‌ನಲ್ಲಿದೆ. ಹೊಸಬರು ಅದಕ್ಕೆ ಕೈಹಾಕಬಾರದು.
* ಆಸ್ತಮಾ, ಹೃದ್ರೋಗ ಇದ್ದವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಿ. ಯಾವ ಔಷಧಿಗೂ ಇದು ಬದಲಿಯಲ್ಲ.